ಮೊದಲು ಯಾವ ವೆಲ್ಡಿಂಗ್ ಕಲಿಯೋದು: ಸ್ಟಿಕ್, ಮಿಗ್, ಟಿಗ್?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳಿಗೆ 16 ವರ್ಷ. ವೆಲ್ಡಿಂಗ್ ಕಲಿಯಲೇಬೇಕು ಅಂತ ಹಟ ಹಿಡಿದಿದ್ದಾಳೆ. ಟೇಬಲ್ ಫ್ರೇಮ್, ಸ್ಟ್ಯಾಂಡ್, ಮುರಿದ ಸಾಮಾನಿನ ರಿಪೇರಿ, ಇಂಥದ್ದೆಲ್ಲ ಮಾಡುವ ಆಸೆ. ಪರಿಚಯದವರೊಬ್ಬರು ಸ್ಟಿಕ್ ಮೊದಲು ಕಲಿಯಲಿ, ಉಳಿದದ್ದು ತಾನಾಗೇ ಬರುತ್ತೆ ಅಂತಾರೆ. ಇನ್ನೊಬ್ಬರು ಮಿಗ್ ಸುಲಭ, ಅದರಲ್ಲೇ ಶುರು ಮಾಡಿಸಿ ಅಂತಾರೆ. ಅವಳು ವಿಡಿಯೋಗಳಲ್ಲಿ ಟಿಗ್ ನೋಡಿ ಅದೇ ಬೇಕು ಅಂತಾಳೆ. ನಮಗೆ ಕೊಳ್ಳೋಕೆ ಆಗೋದು ಒಂದೇ ಮೆಷಿನ್. ಯಾವುದರಿಂದ ಶುರು ಮಾಡಿಸಲಿ?

ಉತ್ತರ: ಸ್ಟಿಕ್‌ನಿಂದ ಶುರು ಮಾಡಿಸಿ. ಬಹಳ ಜನ ಸುಮ್ನೆ ಆರ್ಕ್ ವೆಲ್ಡಿಂಗ್ ಅಂತ ಕರೆಯೋದು ಇದನ್ನೇ. ಕೈಯಲ್ಲೊಂದು ಹೋಲ್ಡರ್, ಅದರಲ್ಲಿ ಫ್ಲಕ್ಸ್ ಅನ್ನುವ ಪುಡಿಯ ಲೇಪ ಮೆತ್ತಿದ ರಾಡ್, ಇನ್ನೊಂದು ಕಡೆ ವೆಲ್ಡ್ ಮಾಡುವ ಲೋಹಕ್ಕೆ ಕಚ್ಚಿಸಿದ ಅರ್ಥ್ ಕ್ಲಾಂಪ್. ಅಷ್ಟೇ ಸಾಮಾನು. ರಾಡ್ ತುದಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಜ್ವಾಲೆಯೇ ಆರ್ಕ್, ಅದರಿಂದ ಕರಗಿ ಕೂತ ಲೋಹದ ಸಾಲು ಬೀಡ್.

ಆದರೆ ನಿಮ್ಮ ಪರಿಚಯದವರು ಕೊಡುವ ಕಾರಣ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಷ್ಟದ್ದನ್ನು ಮೊದಲು ಕಲಿತರೆ ಉಳಿದದ್ದು ತಾನಾಗೇ ಬರುತ್ತದೆ ಅನ್ನೋದಾದರೆ ಟಿಗ್‌ನಿಂದಲೇ ಶುರು ಮಾಡಬೇಕಿತ್ತು, ಅಲ್ವಾ? ನಾನು ಸ್ಟಿಕ್ ಅನ್ನೋದಕ್ಕೆ ಕಾರಣ ಬೇರೆ. ಸ್ಟಿಕ್‌ನಲ್ಲಿ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ. ರಾಡ್ ಅಂಟಿಕೊಳ್ಳುತ್ತದೆ, ಆರ್ಕ್ ಆರಿಹೋಗುತ್ತದೆ, ಕಿಡಿ ಸುತ್ತಲೂ ಸಿಡಿಯುತ್ತದೆ, ಬೀಡ್ ಗುಡ್ಡೆ ಗುಡ್ಡೆಯಾಗಿ ಕೂರುತ್ತದೆ. ನೋಡಿದವರಿಗೆಲ್ಲ ಇದು ಸರಿಯಿಲ್ಲ ಅಂತ ಕಾಣುತ್ತದೆ. ಮಿಗ್‌ನಲ್ಲಿ ಹಾಗಲ್ಲ. ಅಲ್ಲಿ ಕೆಟ್ಟ ವೆಲ್ಡ್ ಕೂಡ ಚೆನ್ನಾಗಿ ಕಾಣಬಹುದು. ಪಕ್ಕದಲ್ಲಿ ತಿಳಿದವರು ಸದಾ ನಿಂತಿರದೆ ಮನೆಯಲ್ಲೇ ಕಲಿಯುವ ಹುಡುಗಿಗೆ ಈ ವ್ಯತ್ಯಾಸ ತುಂಬಾ ಮುಖ್ಯ.

ಮಿಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಗೊಂದಲ ಇರೋದು ಅಲ್ಲೇ. ಮಿಗ್ ಗನ್ನಿನ ಟ್ರಿಗರ್ ಒತ್ತಿದರೆ ಸುರುಳಿಯಿಂದ ತೆಳುವಾದ ತಂತಿ, ಸಾಮಾನ್ಯವಾಗಿ 0.8 ಮಿಲಿಮೀಟರ್‌ನದು, ತಾನಾಗಿ ಬರುತ್ತಾ ಇರುತ್ತದೆ. ಜೊತೆಗೆ ಸಿಲಿಂಡರ್‌ನಿಂದ ಗ್ಯಾಸ್ ಬಂದು ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಕಬ್ಬಿಣಕ್ಕೆ ಬರೀ ಕಾರ್ಬನ್ ಡೈಆಕ್ಸೈಡ್ ಹಾಕುವವರಿದ್ದಾರೆ, 75 ಭಾಗ ಆರ್ಗಾನ್‌ಗೆ 25 ಭಾಗ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸ್ ಹಾಕುವವರೂ ಇದ್ದಾರೆ. ಕಡಿಮೆ ಕರೆಂಟಿನಲ್ಲಿ ತಂತಿಯ ತುದಿ ಸೆಕೆಂಡಿಗೆ 20ರಿಂದ 200 ಸಲ ಕರಗಿದ ಲೋಹಕ್ಕೆ ತಾಗಿ, ಶಾರ್ಟ್ ಆಗಿ, ತುಂಡಾಗಿ, ಮತ್ತೆ ತಾಗುತ್ತಾ ಹೋಗುತ್ತದೆ. ಆರ್ಕ್‌ನ ಉದ್ದವನ್ನು ಮೆಷಿನ್ನೇ ನೋಡಿಕೊಳ್ಳುತ್ತದೆ. ಮೊದಲ ದಿನವೇ ಬೀಡ್ ಸಾಲಾಗಿ ಬಂದುಬಿಡುತ್ತದೆ. ಮಕ್ಕಳಿಗೆ ಖುಷಿಯೋ ಖುಷಿ.

ತೊಂದರೆ ಇರೋದೂ ಇಲ್ಲೇ. ಕೆಳಗಿನ ಪ್ಲೇಟ್ ಸಾಕಷ್ಟು ಕರಗಿರಲಿ, ಕರಗದಿರಲಿ, ಟ್ರಿಗರ್ ಒತ್ತಿದಷ್ಟು ಹೊತ್ತೂ ತಂತಿ ಬಂದು ಬೀಳುತ್ತಲೇ ಇರುತ್ತದೆ. ದಪ್ಪ ಪ್ಲೇಟಿನ ಮೇಲೆ ವೋಲ್ಟೇಜ್ ಕಡಿಮೆ ಇಟ್ಟು ಹೊಡೆದರೆ ಲೋಹ ಮೇಲೆ ಹಾಗೇ ಕುಳಿತುಕೊಳ್ಳುತ್ತದೆ, ಪ್ಲೇಟಿನ ಜೊತೆ ಒಂದಾಗುವುದಿಲ್ಲ. ಮೇಲಿನಿಂದ ನೋಡಿದರೆ ನುಣುಪಾದ ಬೀಡ್. ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟರೆ ಪೂರ್ತಿ ಸಾಲು ಸಿಪ್ಪೆಯಂತೆ ಕಿತ್ತು ಬರುತ್ತದೆ. ಮಿಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಫ್ಯಾಕ್ಟರಿಗಳಲ್ಲಿ ದಿನವಿಡೀ ಒಂದೇ ಜಾಯಿಂಟ್ ಹೊಡೆಯುವವರಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಅಲ್ಲಿ ಸೆಟ್ಟಿಂಗ್ ಯಾರೋ ಪರೀಕ್ಷೆ ಮಾಡಿ ಗೊತ್ತು ಮಾಡಿರುತ್ತಾರೆ. ಮನೆಯಲ್ಲಿ ಆ ಕೆಲಸವನ್ನೂ ಕಲಿಯುವವಳೇ ಮಾಡಬೇಕು. ಮಾಡೋಕೆ ಕರಗಿದ ಲೋಹ ನೋಡಿ ಓದುವ ಕಣ್ಣು ಬೇಕು. ಆ ಕಣ್ಣು ಇನ್ನೂ ಬಂದಿರುವುದಿಲ್ಲ.

ಗ್ಯಾಸಿನ ವಿಷಯ ಇನ್ನೊಂದು. ಅಂಗಳದಲ್ಲಿ ಕೆಲಸ ಮಾಡುವಾಗ ಸಣ್ಣ ಗಾಳಿ ಬೀಸಿದರೂ ಮಿಗ್ ಮತ್ತು ಟಿಗ್ ಎರಡರ ಗ್ಯಾಸೂ ಹಾರಿಹೋಗಿ ವೆಲ್ಡ್ ಒಳಗೆ ತೂತು ತೂತಾಗುತ್ತದೆ. ಸ್ಟಿಕ್ ರಾಡಿನ ಫ್ಲಕ್ಸ್ ಉರಿದು ತನ್ನದೇ ಗ್ಯಾಸ್ ಕೊಡುತ್ತದೆ, ಮೇಲೆ ಸ್ಲ್ಯಾಗ್ ಅನ್ನುವ ಗಟ್ಟಿ ಪದರವನ್ನೂ ಹೊದಿಸುತ್ತದೆ. ಸಿಲಿಂಡರ್ ಬೇಡ, ರೆಗ್ಯುಲೇಟರ್ ಬೇಡ, ಅದನ್ನು ತುಂಬಿಸಿ ತರುವ ಓಡಾಟವೂ ಬೇಡ. ಗ್ಯಾಸ್ ಇಲ್ಲದೆ ಓಡುವ ಫ್ಲಕ್ಸ್ ತುಂಬಿದ ತಂತಿಯ ಮಿಗ್ ಕೂಡ ಸಿಗುತ್ತದೆ, ಬೆಲೆ ಕಡಿಮೆ ಅಂತ ಹೊಸಬರು ಅದಕ್ಕೆ ಬೀಳುತ್ತಾರೆ. ಕಿಡಿ ಜಾಸ್ತಿ, ಸ್ಲ್ಯಾಗ್ ಕೆರೆಯುವ ಕೆಲಸ ಸ್ಟಿಕ್‌ನಷ್ಟೇ, ಕಲಿಕೆ ಮಾತ್ರ ಅರ್ಧ. ಬೇಡ.

ಈಗ ನನ್ನ ಸಲಹೆಯ ದುರ್ಬಲ ಜಾಗಕ್ಕೆ ಬರುತ್ತೇನೆ. ನಿಮ್ಮ ಮಗಳು ಮಾಡಬೇಕು ಅಂದುಕೊಂಡಿರುವ ಟೇಬಲ್ ಫ್ರೇಮ್‌ಗಳಿಗೆ ಎಲ್ಲರೂ ಬಳಸೋದು ತೆಳು ಗೋಡೆಯ ಚೌಕ ಪೈಪ್. ಗೋಡೆ ಒಂದೂವರೆ ಮಿಲಿಮೀಟರ್‌ನ ಆಸುಪಾಸು. ಹೊಸ ಕೈಯಲ್ಲಿ ಸ್ಟಿಕ್ ಇದನ್ನು ಬೆಣ್ಣೆ ಕರಗಿಸಿದ ಹಾಗೆ ತೂತು ಮಾಡಿಬಿಡುತ್ತದೆ. ಇದಕ್ಕೆ ದಾರಿ ಇದೆ. ಕಲಿಯುವಾಗ ಪೈಪ್ ಮುಟ್ಟಲೇಬಾರದು, 5 ಅಥವಾ 6 ಮಿಲಿಮೀಟರ್ ಪ್ಲೇಟ್ ತುಂಡುಗಳ ಮೇಲೆ ಕೈ ಕೂರಬೇಕು. ಮೊದಲ ಫ್ರೇಮನ್ನು 3 ಮಿಲಿಮೀಟರ್ ಗೋಡೆಯ ಪೈಪ್ ಅಥವಾ ಆಂಗಲ್‌ನಲ್ಲಿ ಮಾಡಲಿ. ಸ್ವಲ್ಪ ಭಾರ ಆಗುತ್ತದೆ, ಆಗಲಿ ಬಿಡಿ. ತೆಳು ಪೈಪಿಗೆ ಬಂದಾಗ 2 ಮಿಲಿಮೀಟರ್ ರಾಡ್, ಕಡಿಮೆ ಕರೆಂಟ್, ಒಂದು ಬೆರಳಗಲ ಹೊಡೆದು ನಿಲ್ಲಿಸಿ ತಣಿಯಲು ಬಿಟ್ಟು ಮುಂದೆ ಹೋಗುವ ಅಭ್ಯಾಸ.

ಆದರೆ ಅವಳ ಆಸೆ ಪೂರ್ತಿ ತೆಳು ಶೀಟಿನ ಕೆಲಸದ ಮೇಲೇ ಇದ್ದರೆ, ಅಂದರೆ ಗಾಡಿಯ ಬಾಡಿ ಪ್ಯಾಚ್, ಒಂದು ಮಿಲಿಮೀಟರ್ ತಗಡಿನ ಡಬ್ಬ, ಇಂಥದ್ದು, ಆಗ ನನ್ನ ಉತ್ತರ ಮಿಗ್. ಅಲ್ಲಿ ಸ್ಟಿಕ್ ಹಿಡಿದು ಒದ್ದಾಡೋದರಲ್ಲಿ ಅರ್ಥ ಇಲ್ಲ. ಹಾಗೆಯೇ ವಾರದಲ್ಲಿ ಒಂದೆರಡು ದಿನವಾದರೂ ಒಳ್ಳೆಯ ವೆಲ್ಡರ್ ಒಬ್ಬರ ಕೈಕೆಳಗೆ ಕೂರುವ ಅವಕಾಶ ಇದ್ದು, ಅವರ ಹತ್ತಿರ ಮಿಗ್ ಇದ್ದರೆ, ಅದರಲ್ಲೇ ಶುರು ಮಾಡಲಿ. ಕಲಿಸುವವರು ಮೆಷಿನ್‌ಗಿಂತ ದೊಡ್ಡವರು.

ಟಿಗ್ ಬೇಕು ಅನ್ನುವ ಅವಳ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಟಿಗ್‌ನಲ್ಲಿ ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಲ್ಲಿ ಆರ್ಕ್ ಉರಿಯುತ್ತದೆ, ತುಂಬುವ ಲೋಹವನ್ನು ಇನ್ನೊಂದು ಕೈಯಿಂದ ತಂತಿಯಾಗಿ ಕೊಡಬೇಕು. ಹೊಗೆ ಕಡಿಮೆ, ಸ್ಲ್ಯಾಗ್ ಇಲ್ಲ, ಕರಗಿದ ಲೋಹ ಸ್ವಚ್ಛವಾಗಿ ಕಾಣುತ್ತದೆ. ನೋಡಿ ಕಲಿಯೋಕೆ ಅದಕ್ಕಿಂತ ಚೆಂದದ ಕಿಟಕಿ ಇಲ್ಲ. ಹಳೆಯ ಮೇಷ್ಟರುಗಳು ಗ್ಯಾಸ್ ವೆಲ್ಡಿಂಗ್‌ನಿಂದ ಶುರು ಮಾಡಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಒಂದು ಕೈಯಲ್ಲಿ ಜ್ವಾಲೆ, ಇನ್ನೊಂದರಲ್ಲಿ ಫಿಲ್ಲರ್ ತಂತಿ, ನಿಧಾನವಾಗಿ ಎಲ್ಲವೂ ಕಾಣುತ್ತದೆ. ಗ್ಯಾಸ್ ಕಲಿತವರಿಗೆ ಟಿಗ್ ಬೇಗ ಬರುವುದನ್ನು ನಾನು ನೋಡಿದ್ದೇನೆ. ಆದರೆ ಅದಕ್ಕೆ ಬೇಕಾದ ಅಸಿಟಿಲೀನ್ ಸಿಲಿಂಡರನ್ನು ಮನೆಯಲ್ಲಿ, ಅದೂ ಕಲಿಯುವವರ ಕೈಗೆ, ನಾನು ಕೊಡುವುದಿಲ್ಲ. ಆ ಗ್ಯಾಸ್ ಒತ್ತಡ ಒಂದು ಬಾರ್ ದಾಟಿದರೆ ಆಮ್ಲಜನಕ ಇಲ್ಲದೆಯೂ ತಾನಾಗೇ ಸಿಡಿಯುವ ಸ್ವಭಾವದ್ದು.

ಟಿಗ್‌ನ ಕಷ್ಟ ಏನೆಂದರೆ ಎರಡೂ ಕೈಗೆ ಬೇರೆ ಬೇರೆ ಕೆಲಸ, ಕೆಲವು ಮೆಷಿನ್‌ನಲ್ಲಿ ಕಾಲಿಗೂ ಪೆಡಲ್. ಲೋಹದ ಮೇಲೆ ತುಕ್ಕು, ಬಣ್ಣ, ಎಣ್ಣೆ ಒಂದು ಚೂರೂ ಇರಬಾರದು. ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಿತೋ, ನಿಲ್ಲಿಸಿ, ಬಿಚ್ಚಿ, ಗ್ರೈಂಡ್ ಮಾಡಿ ಮತ್ತೆ ಶುರು. ಹೊಸಬರಿಗೆ ಇದು ನಿಮಿಷಕ್ಕೊಮ್ಮೆ ಆಗುತ್ತದೆ. ವಿಡಿಯೋದಲ್ಲಿ ಆ ಭಾಗ ಕತ್ತರಿಸಿರುತ್ತಾರೆ. ಹಳೆ ಸಾಮಾನಿನ ರಿಪೇರಿಯಂತೂ ತುಕ್ಕು ಹಿಡಿದ ಕಬ್ಬಿಣದ ಜೊತೆಗಿನ ಕೆಲಸ. ಅಲ್ಲಿ ಟಿಗ್‌ಗೆ ಜಾಗವಿಲ್ಲ.

ಅವಳು ನೋಡಿದ ವಿಡಿಯೋಗಳಲ್ಲಿ ಅಲ್ಯೂಮಿನಿಯಂ ಇದ್ದಿರಬಹುದು. ಅದರ ಕತೆ ಬೇರೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್‌ಗೆ. ಅದರ ಮೇಲೆ ಸದಾ ಇರುವ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಆ ಪೊರೆಯನ್ನು ಒಡೆಯೋಕೆ ಟಿಗ್‌ನಲ್ಲಿ ಎಸಿ ಕರೆಂಟ್ ಬೇಕು. ಬರೀ ಡಿಸಿ ಕೊಡುವ ಸಾಧಾರಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್‌ನಲ್ಲಿ ಆಗುವುದಿಲ್ಲ. ಎಸಿ-ಡಿಸಿ ಎರಡೂ ಇರುವ ಟಿಗ್ ಮೆಷಿನ್ ಬೆಲೆ ಜಾಸ್ತಿ. ಮೊದಲ ಮೆಷಿನ್ ಆಗಿ ಅದು ಬೇಡವೇ ಬೇಡ.

ಹಾಗಾದರೆ ಕೊಳ್ಳೋದು ಏನು? 160ರಿಂದ 200 ಆಂಪಿಯರ್ ಕೊಡುವ ಡಿಸಿ ಇನ್ವರ್ಟರ್ ಸ್ಟಿಕ್ ಮೆಷಿನ್. ಕೈಯಲ್ಲಿ ಎತ್ತಿಕೊಂಡು ಓಡಾಡುವಷ್ಟು ಹಗುರ. ಹಾಟ್ ಸ್ಟಾರ್ಟ್, ಆಂಟಿ ಸ್ಟಿಕ್ ಎರಡೂ ಇರಲಿ. ಮೊದಲನೆಯದು ಆರ್ಕ್ ಹಚ್ಚುವಾಗ ಕರೆಂಟ್ ತುಸು ಏರಿಸುತ್ತದೆ, ಎರಡನೆಯದು ರಾಡ್ ಅಂಟಿದಾಗ ಕರೆಂಟ್ ಇಳಿಸಿ ಕಿತ್ತುಕೊಳ್ಳಲು ಬಿಡುತ್ತದೆ. ಲಿಫ್ಟ್ ಟಿಗ್, ಅಂದರೆ ಇದೇ ಮೆಷಿನ್‌ನಲ್ಲಿ ಟಂಗ್‌ಸ್ಟನ್ ತುದಿ ತಾಗಿಸಿ ಎತ್ತಿ ಟಿಗ್ ಆರ್ಕ್ ಹಚ್ಚುವ ಸೌಲಭ್ಯ, ಇದೆಯಾ ಅಂತಲೂ ಕೇಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಆಂಪಿಯರ್ ನೋಡಿ ಮರುಳಾಗಬೇಡಿ, ಪಕ್ಕದ ಡ್ಯೂಟಿ ಸೈಕಲ್ ಓದಿ. 160 ಆಂಪಿಯರ್‌ಗೆ 60% ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆ ಕರೆಂಟಿನಲ್ಲಿ ಹೊಡೆಯಬಹುದು, ನಾಲ್ಕು ನಿಮಿಷ ಮೆಷಿನ್ ತಣಿಯಬೇಕು ಅಂತ. ಮನೆಯ ವೈರಿಂಗ್ ಮತ್ತು ಬ್ರೇಕರ್ ಆ ಹೊರೆ ತಡೆಯುತ್ತಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮೂರೂ ವಿಧಾನ ಒಂದೇ ಪೆಟ್ಟಿಗೆಯಲ್ಲಿ ಅನ್ನುವ ಮೆಷಿನ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅದರಲ್ಲಿ ತಪ್ಪೇನಿಲ್ಲ, ಆದರೆ ಮೂರೂ ಇದ್ದರೆ ಮಕ್ಕಳು ಸ್ಟಿಕ್ ಅಂಟಿಕೊಂಡ ಮೊದಲ ದಿನವೇ ಮಿಗ್‌ಗೆ ಹಾರುತ್ತಾರೆ.

ರಾಡ್ 6013 ಕೊಡಿಸಿ, 2.5 ಮತ್ತು 3.15 ಮಿಲಿಮೀಟರ್‌ನವು. ಆ ಅಂಕಿಯ ಮೊದಲ ಎರಡು ಅಕ್ಷರ ವೆಲ್ಡ್ ಲೋಹದ ಕನಿಷ್ಠ ಎಳೆತದ ಬಲ, ಚದರ ಅಂಗುಲಕ್ಕೆ 60,000 ಪೌಂಡ್. ಮೂರನೆಯ 1 ಅಂದರೆ ಮಲಗಿದ, ನಿಂತ, ತಲೆಯ ಮೇಲಿನ ಎಲ್ಲ ಸ್ಥಾನಕ್ಕೂ ನಡೆಯುತ್ತದೆ. ಕೊನೆಯದು ಫ್ಲಕ್ಸ್ ಯಾವ ಬಗೆಯದು ಅಂತ ಹೇಳುತ್ತದೆ. 6013 ಬೇಗ ಹತ್ತಿಕೊಳ್ಳುತ್ತದೆ, ಮೆತ್ತಗೆ ಉರಿಯುತ್ತದೆ. 2.5ಕ್ಕೆ ಸುಮಾರು 60ರಿಂದ 90 ಆಂಪಿಯರ್, 3.15ಕ್ಕೆ 90ರಿಂದ 130. ಪೊಟ್ಟಣದ ಮೇಲೇ ಬರೆದಿರುತ್ತದೆ. ಹೊಸಬರು ಭಯಕ್ಕೆ ಕರೆಂಟ್ ಕಡಿಮೆ ಇಡುತ್ತಾರೆ, ರಾಡ್ ಅಂಟುತ್ತದೆ, ಇನ್ನೂ ಭಯ ಆಗುತ್ತದೆ. ಮಧ್ಯದ ಅಂಕಿಗಿಂತ ಸ್ವಲ್ಪ ಮೇಲೆ ಇಟ್ಟು ಶುರು ಮಾಡಿಸಿ.

ಮೊದಲು ಆರ್ಕ್ ಹಚ್ಚೋದೇ ಒಂದು ವಿದ್ಯೆ. ಕುಟ್ಟಬಾರದು, ಮೇಲ್ಮೈ ಮೇಲೆ ಗೀರಿ ತಕ್ಷಣ ತುಸು ಎತ್ತಬೇಕು. ಎತ್ತರ ಎಷ್ಟು ಅಂದರೆ ರಾಡಿನ ಒಳಗಿನ ತಂತಿಯ ದಪ್ಪದಷ್ಟು. ರಾಡ್ ಕರಗುತ್ತಾ ಚಿಕ್ಕದಾಗುತ್ತದೆ, ಆದ್ದರಿಂದ ಕೈ ಮುಂದಕ್ಕೆ ಹೋಗುತ್ತಲೇ ಕೆಳಕ್ಕೂ ಇಳಿಯುತ್ತಾ ಇರಬೇಕು. ಇದೇ ಹೊಸಬರಿಗೆ ಒಗ್ಗದ ಚಲನೆ. ಆರ್ಕ್ ಉದ್ದವಾದರೆ ಸದ್ದು ಒಡೆದು ಬುಸುಗುಟ್ಟುತ್ತದೆ, ಕಿಡಿ ಹಾರುತ್ತದೆ, ಬೀಡ್ ಚಪ್ಪಟೆಯಾಗಿ ಅಂಚಿನಲ್ಲಿ ಕೊರೆದ ಗೆರೆ ಬೀಳುತ್ತದೆ. ಸರಿಯಾಗಿದ್ದರೆ ಚಟಪಟ ಸದ್ದು ಒಂದೇ ಸಮನೆ ಬರುತ್ತದೆ. ಕಣ್ಣಿಗಿಂತ ಮೊದಲು ಕಿವಿ ಕಲಿಯುತ್ತದೆ ಅನ್ನಿಸುತ್ತೆ ನನಗೆ.

ಕಣ್ಣಿಗೆ ಇರುವ ಪಾಠ ಬೆಳಕನ್ನು ನೋಡದಿರುವುದು. ಹೊಸಬರೆಲ್ಲ ಆರ್ಕ್ ಉರಿಯುವ ಬಿಂದುವನ್ನೇ ದಿಟ್ಟಿಸುತ್ತಾರೆ. ನೋಡಬೇಕಾದ್ದು ಅದರ ಹಿಂದೆಯೇ ಇರುವ ಕರಗಿದ ಲೋಹದ ಕೊಳ, ವೆಲ್ಡರ್‌ಗಳು ಪಡಲ್ ಅನ್ನುವುದು. ಅದರ ಅಗಲ ಎಷ್ಟಾಗಿದೆ, ಎರಡೂ ಪ್ಲೇಟಿನ ಅಂಚನ್ನು ಕಚ್ಚಿದೆಯಾ, ಸ್ಲ್ಯಾಗ್ ಹಿಂದೆ ಉಳಿದಿದೆಯಾ ಅಥವಾ ಆರ್ಕ್‌ಗಿಂತ ಮುಂದೆ ಓಡುತ್ತಿದೆಯಾ, ಇಷ್ಟೇ ಪ್ರಶ್ನೆ. ಸ್ಲ್ಯಾಗ್ ಮುಂದೆ ಓಡಿದರೆ ಲೋಹದೊಳಗೆ ಸಿಕ್ಕಿಕೊಳ್ಳುತ್ತದೆ. ರಾಡಿನ ಮೇಲ್ತುದಿಯನ್ನು ಸಾಗುವ ದಿಕ್ಕಿನ ಕಡೆ 10-15 ಡಿಗ್ರಿ ವಾಲಿಸಿ, ಎಳೆದುಕೊಂಡು ಹೋದರೆ ಸ್ಲ್ಯಾಗ್ ಹಿಂದೆಯೇ ಉಳಿಯುತ್ತದೆ. ಸ್ಟಿಕ್‌ನಲ್ಲಿ ಸ್ಲ್ಯಾಗ್ ಯಾವುದು, ಲೋಹ ಯಾವುದು ಅಂತ ಬೇರ್ಪಡಿಸಿ ನೋಡೋದು ಬಂದ ಮೇಲೆ ಮಿಗ್, ಟಿಗ್‌ನ ಪಡಲ್ ಓದೋದು ಎಷ್ಟೋ ಸುಲಭ. ಪರಿಚಯದವರ ಮಾತಿನಲ್ಲಿ ನಿಜ ಇರೋದು ಇಷ್ಟು.

ಪ್ಲೇಟ್ ಮೇಲೆ ಸಾಲು ಸಾಲಾಗಿ ಬೀಡ್ ಎಳೆಯೋದು ಬೇಜಾರಿನ ಕೆಲಸ. ಒಂದರ ಪಕ್ಕ ಒಂದು, ಅರ್ಧ ಅರ್ಧ ಮೇಲೇರಿಸಿ, ಪ್ಲೇಟ್ ತುಂಬಿಸಲಿ. ಮಧ್ಯೆ ಬೇಕೆಂದೇ ನಿಲ್ಲಿಸಿ, ಸ್ಲ್ಯಾಗ್ ಕೆತ್ತಿ, ಅಲ್ಲಿಂದಲೇ ಮತ್ತೆ ಹಚ್ಚಲಿ. ಬೇಸರ ಕಳೆಯೋಕೆ ನಡುನಡುವೆ ಎರಡು ತುಂಡು ಜೋಡಿಸಿ ಏನಾದರೂ ಸಣ್ಣದು ಮಾಡಲು ಬಿಡಿ. ಆದರೆ ಮನುಷ್ಯರ ಭಾರ ಹೊರುವಂಥದ್ದು ಸದ್ಯಕ್ಕೆ ಬೇಡ. ಏಣಿ, ಉಯ್ಯಾಲೆ, ಗಾಡಿ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ಟ್ರೈಲರ್ ಕೊಂಡಿ, ಯಾವುದೂ ಬೇಡ.

ಆಮೇಲೆ ಟಿ ಜಾಯಿಂಟ್. ಒಂದು ಪ್ಲೇಟ್ ಮಲಗಿಸಿ, ಇನ್ನೊಂದನ್ನು ಅದರ ಮೇಲೆ ನಿಲ್ಲಿಸಿ, ಒಂದೇ ಕಡೆ ವೆಲ್ಡ್ ಮಾಡಲಿ. ತಣಿದ ಮೇಲೆ ವೈಸ್‌ನಲ್ಲಿ ಕಚ್ಚಿಸಿ, ನಿಂತ ಪ್ಲೇಟನ್ನು ವೆಲ್ಡ್ ಇರುವ ಕಡೆಗೇ ಬೀಳುವಂತೆ ಸುತ್ತಿಗೆಯಲ್ಲಿ ಹೊಡೆಯಿರಿ. ಆಗ ವೆಲ್ಡಿನ ಬೇರು, ಅಂದರೆ ಎರಡು ಪ್ಲೇಟ್ ಸೇರುವ ಒಳಭಾಗ, ತೆರೆದುಕೊಳ್ಳುತ್ತದೆ. ವೆಲ್ಡ್ ಬಗ್ಗಿದರೆ, ಅಥವಾ ಮಧ್ಯದಲ್ಲಿ ಹರಿದು ಒಳಗೆಲ್ಲ ಬೂದು ಬಣ್ಣದ ಘನ ಲೋಹ ಕಂಡರೆ ಸಂತೋಷಪಡಿ. ಒಂದು ಪ್ಲೇಟಿನಿಂದ ಸಲೀಸಾಗಿ ಬಿಟ್ಟುಬಂದು, ಕೆಳಗೆ ನೀವು ಮೊದಲು ಗ್ರೈಂಡರ್ ಹೊಡೆದ ಗೆರೆಗಳು ಹಾಗೇ ಕಾಣುತ್ತಿದ್ದರೆ ಅಲ್ಲಿ ಲೋಹ ಕರಗೇ ಇಲ್ಲ. ಈ ಪರೀಕ್ಷೆಗೆ ಮೇಷ್ಟರು ಬೇಡ, ಮೆಷಿನ್ ಬೇಡ, ನೀವೂ ಮಗಳೂ ಸೇರಿ ಮಾಡಬಹುದು. ಮುಂದೆ ಮಿಗ್ ಹಿಡಿದಾಗಲೂ ಇದನ್ನು ಬಿಡಬಾರದು, ಅಲ್ಲಿ ಇನ್ನೂ ಜಾಸ್ತಿ ಬೇಕು.

ಸುರಕ್ಷತೆ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದೆ ಬಿಡೋಕೆ ಆಗಲ್ಲ. ಮೆಷಿನ್‌ಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ಕಡಿತ ಮಾಡಿಯಾದರೂ ಒಳ್ಳೆಯ ಆಟೋ ಡಾರ್ಕ್ ಹೆಲ್ಮೆಟ್ ತನ್ನಿ, ಆರ್ಕ್ ಹತ್ತಿದಾಗ ಗಾಜು ತಾನಾಗೇ ಕಪ್ಪಾಗಿ ಶೇಡ್ (ಕಪ್ಪಿನ ಮಟ್ಟ) 10-11ಕ್ಕೆ ಬರುವಂಥದ್ದು. ಆರ್ಕ್‌ನ ನೇರಳಾತೀತ ಬೆಳಕು ಬರಿಗಣ್ಣಿಗೆ ಬಿದ್ದರೆ ಆಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದು, ಹೆಚ್ಚಾಗಿ ರಾತ್ರಿ, ಕಣ್ಣು ಉರಿದು ನೀರು ಸುರಿಯುತ್ತದೆ. ನೋಡುತ್ತಾ ನಿಂತ ತಮ್ಮ ತಂಗಿಯರಿಗೂ ಆಗುತ್ತದೆ, ನಾಯಿಗೂ ಆಗುತ್ತದೆ. ಪರದೆ ಕಟ್ಟಿ. ಬಟ್ಟೆ ದಪ್ಪ ಹತ್ತಿಯದೇ ಇರಲಿ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಚರ್ಮದ ಗ್ಲೌಸ್ ಒಣಗಿರಬೇಕು. ಆರ್ಕ್ ಇಲ್ಲದಾಗ ಹೋಲ್ಡರ್‌ನಲ್ಲಿ 60-80 ವೋಲ್ಟ್ ಇರುತ್ತದೆ, ಬೆವರಿದ ಕೈಗೆ ಅದು ಸಣ್ಣದಲ್ಲ. ಕೆಲಸ ಮುಗಿದ ಮೇಲೆ ಅರ್ಧ ಗಂಟೆಯಾದರೂ ಜಾಗ ಬಿಟ್ಟು ಹೋಗಬೇಡಿ, ಮೂಲೆಯಲ್ಲಿ ಬಿದ್ದ ಕಿಡಿ ನಿಧಾನವಾಗಿ ಹೊತ್ತಿಕೊಳ್ಳುತ್ತದೆ.

ಹೊಗೆ ವಿಷಯದಲ್ಲಿ ಹಳಬರು ಉಡಾಫೆ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಯ ಕಂಬದೊಳಗೆ ತಲೆ ಹಾಕದೆ ಪಕ್ಕದಿಂದ ನೋಡುವ ಅಭ್ಯಾಸ ಮೊದಲ ದಿನದಿಂದ ಆಗಲಿ, ಗಾಳಿ ಆಡುವ ಜಾಗ ಇರಲಿ, ಸರಿಯಾದ ಮಾಸ್ಕ್ ಇರಲಿ. ಸತು ಲೇಪಿಸಿದ ಪೈಪ್ ಬೇಡ. ಅದರ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತೆ ಅನ್ನೋ ಮಾತು ವೆಲ್ಡರ್‌ಗಳ ನಡುವೆ ಎಲ್ಲ ಕಡೆ ಓಡಾಡುತ್ತದೆ. ಹೊಗೆ ಹೋಗಿದ್ದು ಶ್ವಾಸಕೋಶಕ್ಕೆ, ಹಾಲು ಹೋಗೋದು ಹೊಟ್ಟೆಗೆ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಲೋಹ ಒರೆಸಿ ವೆಲ್ಡ್ ಮಾಡಲೇಬಾರದು. ಕ್ಲೋರಿನ್ ಇರುವ ಬಗೆಯದಾದರೆ ಆರ್ಕ್‌ನಲ್ಲಿ ಫಾಸ್ಜೀನ್ ಆಗುತ್ತದೆ, ಅದು ಕೊಲ್ಲುವ ವಿಷ. ಮುಚ್ಚಿದ ಡ್ರಮ್, ಪೆಟ್ರೋಲ್ ಟ್ಯಾಂಕ್ ಹತ್ತಿರ ಹೋಗುವುದೇ ಬೇಡ. 16ರ ವಯಸ್ಸಿನಲ್ಲಿ ಅವಳು ಒಬ್ಬಳೇ ಮೆಷಿನ್ ಆನ್ ಮಾಡಬಾರದು, ದೊಡ್ಡವರೊಬ್ಬರು ಹತ್ತಿರ ಇರಲೇಬೇಕು.

ಟಿಗ್ ಯಾವಾಗ ಅಂತ ಅವಳು ಕೇಳೇ ಕೇಳುತ್ತಾಳೆ. 6013ರಲ್ಲಿ ಟಿ ಜಾಯಿಂಟ್ ಸುತ್ತಿಗೆ ಏಟು ತಡೆದ ಮೇಲೆ 7018 ರಾಡಿಗೆ ಹೋಗಲಿ. ಅದು ತೇವ ಹೀರಬಾರದ ರಾಡ್, ಒಣಗಿದ ಡಬ್ಬದಲ್ಲಿ ಇಡಬೇಕು. ಪಡಲ್ ಚೊಕ್ಕವಾಗಿ ಕಾಣುತ್ತದೆ, ಆದರೆ ಆರಿದ ಮೇಲೆ ಮತ್ತೆ ಹಚ್ಚೋಕೆ ತುದಿಯ ಗಾಜಿನಂಥ ಮುಚ್ಚಳ ಒಡೆಯಬೇಕು. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ನಿಂತ ಜಾಯಿಂಟ್ ಒಂದನ್ನು ಹೊಡೆದು, ಮುರಿದು ನೋಡಿ, ಒಳಗೆ ಗಟ್ಟಿ ಇದ್ದರೆ ಟಿಗ್‌ಗೆ ಅವಳು ತಯಾರು. ಆಗ ಹೊಸ ಮೆಷಿನ್ ಬೇಕಾಗಿಲ್ಲ. ಲಿಫ್ಟ್ ಟಿಗ್ ಇರುವ ಅದೇ ಇನ್ವರ್ಟರ್‌ಗೆ ವಾಲ್ವ್ ಇರುವ ಟಾರ್ಚ್, ರೆಗ್ಯುಲೇಟರ್, ಬರೀ ಆರ್ಗಾನ್ ತುಂಬಿದ ಸಿಲಿಂಡರ್ ಸಾಕು. ಟಂಗ್‌ಸ್ಟನ್ ಕೊಳ್ಳುವಾಗ ಲ್ಯಾಂಥನಮ್ ಬೆರೆಸಿದ್ದು ಕೇಳಿ. ಹಳೆ ಬಗೆಯ ಥೋರಿಯಂ ಬೆರೆಸಿದ್ದು ಬೇಡ, ಅದು ಸ್ವಲ್ಪ ವಿಕಿರಣ ಸೂಸುತ್ತದೆ, ಗ್ರೈಂಡ್ ಮಾಡುವಾಗ ಅದರ ಧೂಳು ಒಳಗೆ ಹೋಗುತ್ತದೆ.